ಅಣ್ಣನ ಮಗಳಿಗೆ ಬರೀ ಕೀಲಿ ಸಾಕಾಯಿತು, ನನಗೇಕೆ ಆಪರೇಷನ್?

ಪ್ರಶ್ನೆ: ನನಗೆ 28 ವರ್ಷ. ಊರು ಶಿರಸಿ ಹತ್ತಿರ, ಕುಮಟಾದ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಮೇಲಿನ ಹಲ್ಲುಗಳು ಒತ್ತೊತ್ತಾಗಿವೆ. ಬಾಯಿ ಮುಚ್ಚಿದಾಗ ಎರಡೂ ಬದಿಯ ಮೇಲಿನ ದವಡೆ ಹಲ್ಲುಗಳು ಕೆಳಗಿನವುಗಳ ಒಳಗಡೆ ಕೂರುತ್ತವೆ. ರಾತ್ರಿ ಬಾಯಿ ತೆರೆದು ಮಲಗುತ್ತೇನೆ, ಗೊರಕೆಯೂ ಇದೆಯಂತೆ. ಕ್ಲಿಪ್ ಹಾಕಿಸೋಣವೆಂದು ಹೋದರೆ ಒಬ್ಬ ಡಾಕ್ಟರು ‘ಮೇಲ್ದವಡೆಯೇ ಕಿರಿದಾಗಿದೆ, ಮೊದಲು ಆಪರೇಷನ್ ಮಾಡಿ ಅಗಲ ಮಾಡಬೇಕು’ ಎಂದರು. ಇನ್ನೊಬ್ಬರು ‘ಆಪರೇಷನ್ ಯಾಕೆ, ಕ್ಲಿಪ್ಪಿನಲ್ಲೇ ಸರಿ ಮಾಡಿಕೊಡ್ತೇನೆ’ ಎಂದರು. ಅಣ್ಣನ ಮಗಳಿಗೆ 11ನೇ ವಯಸ್ಸಿನಲ್ಲಿ ಇದೇ ತೊಂದರೆಗೆ ಅಂಗುಳಕ್ಕೊಂದು ಸಾಧನ ಕೂರಿಸಿ, ದಿನಾ ಕೀಲಿ ತಿರುಗಿಸಿ ಸರಿಪಡಿಸಿದ್ದರು. ನನಗೇಕೆ ಹಾಗೆ ಆಗದು? ಆಪರೇಷನ್ನೇ ಬೇಕೆಂದಾದರೆ ಏಪ್ರಿಲ್-ಮೇ ರಜೆಯಲ್ಲಿ ಮುಗಿಯುತ್ತದೆಯೇ?

ಉತ್ತರ: ಮೊದಲು ಅಣ್ಣನ ಮಗಳ ವಿಷಯ ತೆಗೆದುಕೊಳ್ಳೋಣ, ಉಳಿದದ್ದು ಅದರಿಂದಲೇ ಬಿಡಿಸಿಕೊಳ್ಳುತ್ತದೆ.

ಮೇಲ್ದವಡೆ ಒಂದೇ ಎಲುಬಿನಂತೆ ಕಂಡರೂ ಎಡ ಬಲದ ಎರಡು ಎಲುಬುಗಳು ಅಂಗುಳದ ನಟ್ಟನಡುವೆ ಕೂಡಿ ಆದದ್ದು. ನಾಲಿಗೆಯ ತುದಿಯನ್ನು ಎದುರು ಹಲ್ಲಿನ ಹಿಂಬದಿಯಿಂದ ಗಂಟಲಿನ ಕಡೆಗೆ ಮೆಲ್ಲಗೆ ಎಳೆದು ನೋಡಿ, ನಡುವೆ ಒಂದು ಗೆರೆ ತಾಗುತ್ತದೆ. ಅದರ ಮೇಲೆಯೇ ಆ ಬೆಸುಗೆ ಇರುವುದು. ಡಾಕ್ಟರ ಬಾಯಲ್ಲಿ ಅದು ‘ಸೂಚರ್’. 11 ವರ್ಷದ ಮಗುವಿನಲ್ಲಿ ಇದು ಇನ್ನೂ ಸಡಿಲ. ಹಲ್ಲಿಗೆ ಕೂರಿಸಿದ ಸ್ಕ್ರೂ ತಿರುಗಿಸಿದರೆ ಎರಡು ಎಲುಬುಗಳೂ ಅತ್ತಿತ್ತ ಸರಿಯುತ್ತವೆ, ನಡುವಿನ ಜಾಗದಲ್ಲಿ ಹೊಸ ಎಲುಬು ತುಂಬಿಕೊಳ್ಳುತ್ತದೆ. ಹದಿಹರೆಯದಲ್ಲಿ ಎರಡೂ ಅಂಚುಗಳು ಮೊನೆಮೊನೆಯಾಗಿ ಒಂದರೊಳಗೊಂದು ಹೊಕ್ಕು ಬಿಗಿಯುತ್ತಾ ಬಂದು, ಕ್ರಮೇಣ ಅಲ್ಲಲ್ಲಿ ಪೂರ್ತಿ ಕೂಡಿಕೊಂಡುಬಿಡುತ್ತವೆ.

ಈ ಸ್ಕ್ರೂ ಹೊಸ ಉಪಾಯವೇನೂ ಅಲ್ಲ. 1860ರಲ್ಲೇ ಅಮೆರಿಕದ ಎಮರ್ಸನ್ ಏಂಜೆಲ್ ಎಂಬ ದಂತವೈದ್ಯರು ಹದಿನಾಲ್ಕರ ಹುಡುಗಿಯೊಬ್ಬಳ ಮೇಲ್ದವಡೆಯನ್ನು ಹೀಗೆ ಅಗಲ ಮಾಡಿ, ಎದುರಿನ ಎರಡು ಹಲ್ಲಿನ ನಡುವೆ ಕಿಂಡಿ ಬಿದ್ದುದನ್ನೇ ಸಾಕ್ಷಿಯಾಗಿ ತೋರಿಸಿದ್ದರು. ಎಕ್ಸ್‌ರೇ ಬಂದದ್ದೇ 1895ರಲ್ಲಿ, ಹಾಗಾಗಿ ಅವರ ಮಾತನ್ನು ನಂಬದವರೇ ಹೆಚ್ಚು. ಆ್ಯಂಡ್ರ್ಯೂ ಹಾಸ್ 1961ರಲ್ಲಿ ಮತ್ತೆ ಬರೆದ ಮೇಲೆಯೇ ಇದು ಎಲ್ಲೆಡೆ ರೂಢಿಯಾದದ್ದು.

ಹಾಗಾದರೆ 28ಕ್ಕೆ ಬೆಸುಗೆ ಮುಚ್ಚಿಯೇ ಇರುತ್ತದೆಯೇ? ಅಷ್ಟು ಖಡಾಖಂಡಿತ ಹೇಳಲು ಬರುವುದಿಲ್ಲ. 1977ರಲ್ಲಿ ಸ್ವೀಡನ್ನಿನ ಪರ್ಸನ್ ಮತ್ತು ಥಿಲಾಂಡರ್ ಅಂಗುಳದ ಬೆಸುಗೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ 15ರ ಹುಡುಗಿಯಲ್ಲಿ ಎಲುಬು ಕೂಡಲು ಶುರುವಾಗಿತ್ತು, 27ರ ಹೆಂಗಸೊಬ್ಬರಲ್ಲಿ ಇನ್ನೂ ಕೂಡಿರಲಿಲ್ಲ. ಅಂದರೆ ಜಾತಕದ ವಯಸ್ಸು ನೋಡಿ ಇದನ್ನು ತೀರ್ಮಾನಿಸುವಂತಿಲ್ಲ. ಅದಕ್ಕಾಗಿಯೇ ಈಗ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ತೆಗೆದು ಬೆಸುಗೆ ಯಾವ ಹಂತದಲ್ಲಿದೆ ಎಂದು ನೋಡುತ್ತಾರೆ. 2013ರಿಂದ ಇದನ್ನು ಎ, ಬಿ, ಸಿ, ಡಿ, ಇ ಎಂದು ಐದು ಹಂತಗಳಾಗಿ ವಿಂಗಡಿಸುವ ಪದ್ಧತಿ ಇದೆ. ಮೊದಲೆರಡರಲ್ಲಿ ಅಣ್ಣನ ಮಗಳಿಗೆ ಮಾಡಿದ್ದೇ ನಡೆಯುತ್ತದೆ. ಸಿ ನಡುವಿನದು, ಡಾಕ್ಟರುಗಳು ಕೈ ಕೈ ಹಿಸುಕಿಕೊಳ್ಳುವ ಹಂತ. ಡಿ, ಇ ಅಂದರೆ ಹಿಂಭಾಗದಿಂದ ಮೊದಲ್ಗೊಂಡು ಎಲುಬು ಕೂಡಿಕೊಂಡಿದೆ ಎಂದು ಅರ್ಥ.

ಬೆಸುಗೆಯೊಂದೇ ಅಡ್ಡಿಯೂ ಅಲ್ಲ. ಕೆನ್ನೆಯ ಮೂಳೆ ಮೇಲ್ದವಡೆಗೆ ಬಂದು ಆತುಕೊಳ್ಳುವ ಜಾಗ ಮತ್ತು ಹಿಂಬದಿಯಲ್ಲಿ ತಲೆಬುರುಡೆಯ ಬುಡದ ಎಲುಬಿಗೆ ಮೇಲ್ದವಡೆ ಅಂಟಿಕೊಂಡ ಜಾಗ, ಇವೆರಡು ದೊಡ್ಡವರಲ್ಲಿ ಬಲವಾದ ಆಧಾರಗಳು. ನಡುವೆ ಬೆಸುಗೆ ಬಿಟ್ಟುಕೊಟ್ಟರೂ ಇವು ಬಿಡುವುದಿಲ್ಲ. ಆಪರೇಷನ್ನಿನಲ್ಲಿ ಬರೀ ಅಂಗುಳ ಸೀಳದೆ ಕೆನ್ನೆಯ ಕಡೆಯಿಂದಲೂ ಎಲುಬು ಕತ್ತರಿಸುವುದು ಇದೇ ಕಾರಣಕ್ಕೆ.

ಈಗ ಆ ಎರಡನೇ ಡಾಕ್ಟರ ಮಾತು. ಅವರು ಸುಳ್ಳು ಹೇಳಿದ್ದಾರೆ ಎನ್ನಲಾರೆ. ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂರುವುದಕ್ಕೆ ಅಡ್ಡಕಚ್ಚು ಎನ್ನುತ್ತಾರೆ. ಅದು ಬರೀ ಹಲ್ಲುಗಳು ಒಳಕ್ಕೆ ವಾಲಿದ್ದರಿಂದ ಆಗಿದ್ದರೆ, ಅಥವಾ ಒಂದೆರಡು ಮಿಲಿಮೀಟರಿನ ಕೊರತೆಯಾಗಿದ್ದರೆ, ಕ್ಲಿಪ್ಪಿನ ತಂತಿಯಲ್ಲೇ ನೇರ ಮಾಡಬಹುದು. ಆದರೆ ಕಿರಿದಾಗಿರುವುದು ಎಲುಬೇ ಆಗಿ, ಕೊರತೆ 5 ಮಿಲಿಮೀಟರಿಗಿಂತ ಹೆಚ್ಚಿದ್ದಾಗ ತಂತಿಯಲ್ಲಿ ಹಲ್ಲುಗಳನ್ನು ಹೊರಕ್ಕೆ ತಳ್ಳುವುದೆಂದರೆ ಜಾಗ ಹೆಚ್ಚಿಸದೆ ಬೇಲಿಯ ಗೂಟಗಳನ್ನು ಮಾತ್ರ ಹೊರಗಡೆ ವಾಲಿಸಿ ‘ಅಂಗಳ ದೊಡ್ಡದಾಯ್ತು’ ಎಂದ ಹಾಗೆ. ಮೊದಲ ವರ್ಷ ಕನ್ನಡಿಯಲ್ಲಿ ಚಂದವೇ ಕಾಣುತ್ತದೆ. ಆದರೆ ಬೇರಿನ ಹೊರಬದಿಯ ಎಲುಬು ಮೊದಲೇ ತೆಳು. ಹಲ್ಲು ಅದನ್ನು ದಾಟಿ ಹೊರಬಂದಾಗ ಒಸಡು ಇಳಿಯುತ್ತದೆ, ತಣ್ಣೀರು ಕುಡಿದರೆ ಜುಂ ಎನ್ನುತ್ತದೆ. ಕ್ಲಿಪ್ ಬಿಚ್ಚಿದ ಮೇಲೆ ಹಲ್ಲುಗಳು ಹಳೇ ಜಾಗಕ್ಕೆ ಮರಳುವ ಸಂಭವವೂ ಹೆಚ್ಚು. ಈ ವ್ಯವಹಾರದಲ್ಲಿ ನನಗೆ ಅತಿ ನಷ್ಟದ್ದಾಗಿ ಕಾಣುವುದು ಆಪರೇಷನ್ ಅಲ್ಲ, ಅಗಲ ಮಾಡಿದಂತೆ ತೋರಿಸುವ ಈ ವಾಲಿಕೆ.

ಆದ್ದರಿಂದ ಇಬ್ಬರಿಗೂ ನೀವು ಕೇಳಬೇಕಾದ ಮೊದಲ ಪ್ರಶ್ನೆ ‘ಆಪರೇಷನ್ ಬೇಕಾ ಬೇಡವಾ’ ಅಲ್ಲ. ‘ಕೊರತೆ ಎಲುಬಿನಲ್ಲಿದೆಯೋ ಹಲ್ಲಿನಲ್ಲಿದೆಯೋ, ಎಷ್ಟು ಮಿಲಿಮೀಟರು, ಅಳೆದದ್ದು ಯಾವುದರ ಮೇಲೆ?’ ಇದಕ್ಕೆ ಸ್ಕ್ಯಾನ್ ಮುಂದಿಟ್ಟು ಉತ್ತರ ಕೊಡುವವರ ಹತ್ತಿರ ಮುಂದಿನ ಮಾತಾಡಿ.

ನಿಮ್ಮ ವಯಸ್ಸಿಗೆ ಇಬ್ಬರೂ ಹೇಳದ ಮೂರನೇ ದಾರಿಯೊಂದಿದೆ, ಅದನ್ನೂ ಕೇಳಿ ನೋಡಿ. ಹೆಸರು ಮಾರ್ಪ್. ಇಲ್ಲಿ ಸ್ಕ್ರೂ ಸಾಧನವನ್ನು ಹಲ್ಲಿಗೆ ಕಟ್ಟುವುದರ ಜೊತೆಗೆ, ಅಂಗುಳದ ಎಲುಬಿಗೇ ಸಾಮಾನ್ಯವಾಗಿ ನಾಲ್ಕು ಪುಟ್ಟ ಲೋಹದ ಮೊಳೆಗಳನ್ನು ಕೂರಿಸಿ ಭದ್ರ ಮಾಡುತ್ತಾರೆ. ಒತ್ತಡ ಹಲ್ಲಿನ ಬದಲು ನೇರ ಎಲುಬಿಗೆ ಬೀಳುತ್ತದೆ. ಅಂಗುಳಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಕುರ್ಚಿಯಲ್ಲೇ ಮಾಡುವ ಕೆಲಸ. ಇಪ್ಪತ್ತರ ಆಸುಪಾಸಿನವರಲ್ಲಿ ಇದು ಚೆನ್ನಾಗಿ ಫಲಿಸುತ್ತದೆ, ವಯಸ್ಸು ಏರಿದಂತೆ ಯಶಸ್ಸು ಇಳಿಯುತ್ತದೆ, ಗಂಡಸರಲ್ಲಿ ಇನ್ನೂ ಬೇಗ. 28ರ ಹೆಂಗಸಿಗೆ ಅವಕಾಶ ಖಂಡಿತ ಇದೆ, ಖಾತ್ರಿ ಇಲ್ಲ. ನಿಮ್ಮ ಸ್ಕ್ಯಾನಿನಲ್ಲಿ ಬೆಸುಗೆ ಸಿ ಹಂತದಲ್ಲಿ ಕಂಡರೆ ಮೊದಲು ಇದನ್ನು ಪ್ರಯತ್ನಿಸಿ ನೋಡುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ. ಎಷ್ಟು ದಿನದೊಳಗೆ ಕಿಂಡಿ ಕಾಣದಿದ್ದರೆ ನಿಲ್ಲಿಸುತ್ತೇವೆ ಎಂಬುದನ್ನು ಮೊದಲೇ ಮಾತಾಡಿಕೊಂಡಿರಬೇಕು. ‘ಇನ್ನೂ ನಾಲ್ಕು ದಿನ ತಿರುಗಿಸಿ ನೋಡೋಣ’ ಎಂದು ಎಳೆದಷ್ಟೂ ನೋವು, ಮೊಳೆ ಸಡಿಲವಾಗುವುದು, ಸುತ್ತಲಿನ ಅಂಗುಳ ಬಾಯುವುದು.

ಬೆಸುಗೆ ಪೂರ್ತಿ ಕೂಡಿದ್ದರೆ, ಅಥವಾ ಮಾರ್ಪ್ ಫಲಿಸದಿದ್ದರೆ, ನಿಮಗೆ ಹೇಳಿದ ಆಪರೇಷನ್. ಹೆಸರು ಕೇಳಿ ಹೆದರುವಷ್ಟು ದೊಡ್ಡದಲ್ಲ, ‘ಏನೂ ಅಲ್ಲ’ ಎನ್ನುವಷ್ಟು ಸಣ್ಣದೂ ಅಲ್ಲ. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಟ್ಟು, ಮೂಗಿನ ಮೂಲಕ ಉಸಿರಿನ ನಳಿಕೆ ಇಳಿಸಿ ಮಾಡುತ್ತಾರೆ. ಮುಖದ ಮೇಲೆ ಗಾಯವಿರುವುದಿಲ್ಲ, ಕೊಯ್ಯುವುದು ಮೇಲ್ತುಟಿಯ ಒಳಗೆ, ಒಸಡಿನ ಮೇಲ್ಗಡೆ. ಅಲ್ಲಿಂದ ಮೂಗಿನ ರಂಧ್ರದ ಅಂಚಿನಿಂದ ಹಿಡಿದು ಹಿಂದಿನ ದವಡೆ ಹಲ್ಲಿನವರೆಗೆ, ಬೇರುಗಳಿಗೆ ತಾಗದಂತೆ, ಎರಡೂ ಬದಿಯ ಎಲುಬಿನ ಗೋಡೆಯನ್ನು ಅಡ್ಡಕ್ಕೆ ಕತ್ತರಿಸುತ್ತಾರೆ. ಬಳಿಕ ಎದುರಿನ ಎರಡು ಹಲ್ಲುಗಳ ಬೇರಿನ ನಡುವೆ ತೆಳುವಾದ ಉಳಿ ಇಟ್ಟು ನಡು ಬೆಸುಗೆಯನ್ನು ಬಿಡಿಸುತ್ತಾರೆ. ಹಿಂಬದಿಯ ಅಂಟನ್ನೂ ಬಿಡಿಸಬೇಕೇ ಎಂಬುದರಲ್ಲಿ ಸರ್ಜನ್‌ಗಳಲ್ಲಿ ಎರಡು ಅಭಿಪ್ರಾಯವಿದೆ. ಬಿಡಿಸಿದರೆ ಹಿಂಭಾಗವೂ ಸಮವಾಗಿ ಅಗಲವಾಗುತ್ತದೆ, ಆದರೆ ರಕ್ತಸ್ರಾವದ ಅಪಾಯ ತುಸು ಹೆಚ್ಚು. ಮೇಜಿನ ಮೇಲೆಯೇ ಸ್ಕ್ರೂ ಒಂದಿಷ್ಟು ತಿರುಗಿಸಿ, ಎರಡು ಭಾಗ ಸರಿಸಮನಾಗಿ ಸರಿಯುತ್ತಿವೆಯೇ ಎಂದು ನೋಡಿ, ಮತ್ತೆ ಹಿಂದಕ್ಕೆ ತಂದು ಹೊಲಿಗೆ ಹಾಕುತ್ತಾರೆ. ಒಂದೆರಡು ದಿನ ಆಸ್ಪತ್ರೆ. ಬಾವು ಎರಡು ಮೂರನೇ ದಿನಕ್ಕೆ ಗರಿಷ್ಠ, ಆಮೇಲೆ ಇಳಿಯುತ್ತದೆ. ಮೂಗಿನಿಂದ ನಸುಕೆಂಪು ನೀರು ಕೆಲ ದಿನ ಬರಬಹುದು. ಎರಡು ವಾರ ಮೂಗು ಒತ್ತಿ ಸಿಂಬಳ ತೆಗೆಯುವುದು ಬೇಡ, ಸೀನು ಬಂದರೆ ಬಾಯಿ ತೆರೆದೇ ಸೀನಿ.

ನಿಜವಾದ ಅಗಲ ಮಾಡುವ ಕೆಲಸ ಶುರುವಾಗುವುದು ಮನೆಗೆ ಬಂದ ಮೇಲೆ. ಗಾಯ ಹೆಪ್ಪುಗಟ್ಟಿ ಮಾಯಲು ಶುರುವಾಗಲೆಂದು 5ರಿಂದ 7 ದಿನ ಸುಮ್ಮನಿರುತ್ತಾರೆ. ಆಮೇಲೆ ಕೀಲಿ. ಅದೊಂದು ಸಣ್ಣ ಬಾಗಿದ ತಂತಿ. ನೀವೇ ಕನ್ನಡಿ ನೋಡಿ ಮಾಡುವುದು ಕಷ್ಟ, ಮನೆಯವರೊಬ್ಬರು ಕಲಿತುಕೊಳ್ಳಲಿ. ನಿಮ್ಮನ್ನು ತಲೆ ಹಿಂದಕ್ಕೆ ಒರಗಿಸಿ ಕೂರಿಸಿ, ಮೊಬೈಲಿನ ಬೆಳಕು ಹಿಡಿದು, ಸ್ಕ್ರೂವಿನ ಮುಂಬದಿಯಲ್ಲಿ ಕಾಣುವ ತೂತಿಗೆ ತಂತಿಯ ತುದಿ ಹಾಕಿ ಗಂಟಲಿನ ಕಡೆಗೆ ತಳ್ಳಬೇಕು, ಮುಂದಿನ ತೂತು ಪೂರ್ತಿ ಕಾಣುವವರೆಗೆ. ಅರ್ಧಕ್ಕೆ ನಿಲ್ಲಿಸಿದರೆ ಮರುದಿನ ಕೀಲಿ ಹೋಗುವ ತೂತೇ ಸಿಗುವುದಿಲ್ಲ. ಹೊರತೆಗೆಯುವಾಗ ತಂತಿ ಹಿಂದಕ್ಕೆ ಜಾರಿಸಿ ಕೆಳಗೆ ಇಳಿಸಬೇಕು, ಮುಂದಕ್ಕೆ ಎಳೆದರೆ ತಿರುಗಿಸಿದ್ದು ವಾಪಸಾಗುತ್ತದೆ. ಕೀಲಿಗೆ ಉದ್ದದ ದಾರವೊಂದನ್ನು ಕಟ್ಟಿ ಬೆರಳಿಗೆ ಸುತ್ತಿಕೊಳ್ಳಲಿ, ಕೈ ಜಾರಿದರೆ ಅದು ಗಂಟಲಿಗೆ ಹೋಗಬಾರದಲ್ಲ. ಒಂದು ತಿರುವಿಗೆ ಸಾಮಾನ್ಯವಾಗಿ ಕಾಲು ಮಿಲಿಮೀಟರು. ಬೆಳಿಗ್ಗೆ ಒಂದು, ಸಂಜೆ ಒಂದು ಅಂದರೆ ದಿನಕ್ಕೆ ಅರ್ಧ. 7 ಮಿಲಿಮೀಟರು ಬೇಕಿದ್ದರೆ 14 ದಿನ. ಕೆಲವು ಸ್ಕ್ರೂಗಳ ಲೆಕ್ಕ ಬೇರೆ ಇರುವುದರಿಂದ ನಿಮ್ಮದರ ಅಳತೆಯನ್ನು ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ, ತಿರುಗಿಸಿದ್ದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಕೆಲವೇ ದಿನಗಳಲ್ಲಿ ಎದುರಿನ ಎರಡು ಹಲ್ಲಿನ ನಡುವೆ ಕಿಂಡಿ ಬೀಳುತ್ತದೆ. ಮನೆಯಲ್ಲಿ ಎಲ್ಲರೂ ಗಾಬರಿಯಾಗುತ್ತಾರೆ, ಡಾಕ್ಟರಿಗೆ ಮಾತ್ರ ಸಮಾಧಾನ. ಏಂಜೆಲ್ ಕಂಡ ಅದೇ ಕಿಂಡಿ ಇದು, ಎಲುಬು ಬೇರೆಯಾಗುತ್ತಿದೆ ಎಂಬುದಕ್ಕೆ ಗುರುತು. ಒಂದು ವಾರ ತಿರುಗಿಸಿದರೂ ಕಿಂಡಿ ಬೀಳದಿದ್ದರೆ, ಕಿಂಡಿ ಒಂದೇ ಬದಿಗೆ ಓರೆಯಾಗಿ ಹೋಗುತ್ತಿದ್ದರೆ, ಒಂದು ಹಲ್ಲು ಬಣ್ಣ ಬದಲಿಸಿದರೆ, ಕೀಲಿ ನಿಲ್ಲಿಸಿ ಅದೇ ದಿನ ಫೋನ್ ಮಾಡಿ. ಬೇಕಾದಷ್ಟು ಅಗಲವಾದ ಮೇಲೆ, ಸ್ವಲ್ಪ ಹಿಂದಕ್ಕೆ ಬರುವುದೆಂಬ ಲೆಕ್ಕದಲ್ಲಿ ತುಸು ಹೆಚ್ಚೇ ಮಾಡಿ, ಸ್ಕ್ರೂವನ್ನು ಅಲ್ಲೇ ಭದ್ರ ಮಾಡುತ್ತಾರೆ. ನಡುವೆ ಹೊಸ ಎಲುಬು ಗಟ್ಟಿಯಾಗಲು 3ರಿಂದ 6 ತಿಂಗಳು ಅದು ಬಾಯಲ್ಲೇ ಇರಬೇಕು.

ನೀವು ಶಿಕ್ಷಕಿ ಆದ್ದರಿಂದ ಮಾತಿನ ವಿಷಯ ಬಿಡಿಸಿ ಹೇಳುತ್ತೇನೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಟ, ಡ, ಣ, ಳ, ಷ, ಇವೆಲ್ಲ ನಾಲಿಗೆಯನ್ನು ಮಡಚಿ ಅಂಗುಳಕ್ಕೆ ತಾಗಿಸಿ ಹೇಳುವ ಅಕ್ಷರಗಳು. ಸಾಧನ ಕೂತಿರುವುದು ಅದೇ ಆಸುಪಾಸಿನಲ್ಲಿ. ಮೊದಲ ವಾರ ‘ಹಳ್ಳಿಯ ಕೊಳದ ಬಳಿ ಹಣ್ಣಿನ ಗಿಡ’ ಎಂದು ಪಾಠ ಓದಲು ಹೋದರೆ ನಾಲಿಗೆ ಲೋಹಕ್ಕೆ ಬಡಿದು, ಜೊಲ್ಲು ಕೂಡಿಕೊಂಡು, ಎರಡನೇ ಕ್ಲಾಸಿನ ಮಕ್ಕಳು ನಗದೆ ಬಿಡಲಾರರು. ಹೆಚ್ಚಿನವರಿಗೆ ಎರಡು ಮೂರು ವಾರದಲ್ಲಿ ನಾಲಿಗೆ ಹೊಸ ದಾರಿ ಹುಡುಕಿಕೊಳ್ಳುತ್ತದೆ. ಸಾಧನ ಕೂರಿಸುವುದು ಆಪರೇಷನ್ನಿಗಿಂತ ಮೊದಲೇ ಆದ್ದರಿಂದ ಸ್ವಲ್ಪ ಮುಂಚಿತವಾಗಿ ಕೂರಿಸಿಕೊಳ್ಳಿ, ದಿನಾ ಗಟ್ಟಿಯಾಗಿ ಓದಿ ರೂಢಿ ಮಾಡಿಕೊಳ್ಳಿ.

ರಜೆಯ ಲೆಕ್ಕ ಹೀಗೆ ಬರುತ್ತದೆ. ಏಪ್ರಿಲ್ ಮಧ್ಯದಲ್ಲಿ ರಜೆ ಶುರುವಾದ ಕೂಡಲೇ ಆಪರೇಷನ್ ಆದರೆ ಮೇ ಮಧ್ಯದೊಳಗೆ ಕೀಲಿಯ ಕೆಲಸ ಮುಗಿಯುತ್ತದೆ, ಶಾಲೆ ತೆರೆಯುವಾಗ ಬಾವು ನೋವು ಇರುವುದಿಲ್ಲ. ಮುಗಿಯದೆ ಉಳಿಯುವುದು ಎದುರಿನ ಕಿಂಡಿ. ಹೊಸ ಎಲುಬು ಸ್ವಲ್ಪ ಗಟ್ಟಿಯಾಗದೆ ಅದಕ್ಕೆ ಹಲ್ಲು ಸರಿಸಬಾರದು, ಹಾಗಾಗಿ ಎರಡು ಮೂರು ತಿಂಗಳು ಕಿಂಡಿಯಿಟ್ಟುಕೊಂಡೇ ಪಾಠ ಮಾಡಬೇಕು. ತಾತ್ಕಾಲಿಕವಾಗಿ ತಂತಿಗೆ ಕೃತಕ ಹಲ್ಲು ಕಟ್ಟಿಕೊಡುತ್ತಾರಾ ಎಂದು ಕೇಳಬಹುದು. ಆಮೇಲೆ ಕ್ಲಿಪ್ಪಿನ ಕೆಲಸ, ಒಟ್ಟು ಎರಡು ವರ್ಷಕ್ಕೆ ಮನಸ್ಸು ಸಿದ್ಧ ಮಾಡಿಕೊಳ್ಳಿ. ಈ ಎರಡು ವರ್ಷದಲ್ಲಿ ಮಗುವಿನ ಯೋಚನೆ ಇದ್ದರೆ ಅದನ್ನೂ ಡಾಕ್ಟರಿಗೆ ಮೊದಲೇ ತಿಳಿಸಿ, ಸ್ಕ್ಯಾನು ಅರಿವಳಿಕೆಗಳ ಸಮಯ ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಬೇಕಾಗುತ್ತದೆ.

ಬೇಸಿಗೆಯನ್ನೇ ಆರಿಸಲು ಇನ್ನೊಂದು ಕಾರಣ ನಮ್ಮ ಜಿಲ್ಲೆಯ ರಸ್ತೆ. ಕೀಲಿಯ ದಿನಗಳಲ್ಲಿ ವಾರಕ್ಕೊಮ್ಮೆಯಾದರೂ ಡಾಕ್ಟರು ನೋಡಬೇಕು. ಜುಲೈನಲ್ಲಿ ದೇವಿಮನೆ, ಅರಬೈಲು ಘಟ್ಟಗಳನ್ನು ನಂಬಿ ಕೂರುವಂತಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಗಿ ಕುಮಟಾ ಅಂಕೋಲೆಯವರು ಪಟ್ಟ ಪಾಡು ನಿಮಗೆ ನಾನು ಹೇಳಬೇಕೇ. ಇಂಥ ಕೆಲಸಕ್ಕೆ ಕ್ಲಿಪ್ ಹಾಕುವ ಆರ್ಥೊಡಾಂಟಿಸ್ಟ್ ಮತ್ತು ಬಾಯಿ-ದವಡೆಯ ಸರ್ಜನ್ ಒಂದೇ ಸೂರಿನಡಿ ಸಿಗುವ ಕಡೆ ಹೋಗುವುದು ಮೇಲು. ಘಟ್ಟದ ಮೇಲಿನವರಿಗೆ ಧಾರವಾಡ, ಬೆಳಗಾವಿಯ ದಂತ ಕಾಲೇಜುಗಳು, ಕುಮಟಾ ಹೊನ್ನಾವರದವರಿಗೆ ರೈಲಿನಲ್ಲಿ ಮಣಿಪಾಲ, ಮಂಗಳೂರು, ಕಾರವಾರದವರಿಗೆ ಗೋವಾದ ಬಾಂಬೋಲಿಯ ಸರ್ಕಾರಿ ದಂತ ಕಾಲೇಜು ಹತ್ತಿರ.

ಊಟದ ವಿಷಯದಲ್ಲಿ ನಮ್ಮವರು ಪುಣ್ಯವಂತರು. ಕುಚ್ಚಲಕ್ಕಿ ಗಂಜಿ, ತಂಬುಳಿ, ಚೆನ್ನಾಗಿ ಕಲಸಿದ ಮೊಸರನ್ನ, ತಿನ್ನುವವರಾದರೆ ಮುಳ್ಳು ಬಿಡಿಸಿದ ಮೆತ್ತಗಿನ ಮೀನು. ಅಪ್ಪೆಹುಳಿ ಕುಡಿಯಬಹುದು, ಹೊಲಿಗೆ ಮಾಯುವವರೆಗೆ ಅದಕ್ಕೆ ಮೆಣಸು ಬೇಡ. ಹಲಸಿನ ಹಪ್ಪಳ, ಚಕ್ಕುಲಿಗಳಿಗೆ ಒಂದೂವರೆ ತಿಂಗಳು ರಜೆ.

ಕವಳ (ಎಲೆಯಡಿಕೆ) ಹಾಕುವ ಅಭ್ಯಾಸ ನಿಮಗಿದೆಯೋ ಇಲ್ಲವೋ, ಶಿರಸಿ ಕಡೆಯವರಾದ್ದರಿಂದ ಕೇಳಲೇಬೇಕು. ಹೊಗೆಸೊಪ್ಪು ಗಾಯ ಮಾಯುವುದನ್ನು ಕೆಡಿಸುತ್ತದೆ. ಅಡಿಕೆ ವರ್ಷಾನುಗಟ್ಟಲೆ ಜಗಿದವರಲ್ಲಿ ಕೆನ್ನೆಯ ಒಳಗೋಡೆ ಬಿರುಸಾಗಿ ಬಾಯಿ ತೆರೆಯುವುದೇ ಕಡಿಮೆಯಾಗಬಹುದು, ಆಗ ಅರಿವಳಿಕೆಯ ನಳಿಕೆ ಇಳಿಸುವುದಕ್ಕೂ ತೊಂದರೆ, ಆಪರೇಷನ್ನಿಗೂ ತೊಂದರೆ. ನಿಮ್ಮದೇ ಮೂರು ಬೆರಳು ಮೇಲೆ ಕೆಳಗಾಗಿ ಜೋಡಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ, ಹೋಗದಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಅಪಾಯಗಳು ಇವೆ. ಮೇಲಿನ ಹಲ್ಲು, ತುಟಿಗಳಲ್ಲಿ ಜೋಮು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಎದುರು ಹಲ್ಲುಗಳ ನಡುವಿನ ಒಸಡು ಇಳಿಯಬಹುದು, ಅಪರೂಪಕ್ಕೆ ಆ ಹಲ್ಲಿನ ನರ ಸತ್ತು ರೂಟ್ ಕೆನಾಲ್ ಬೇಕಾಗಬಹುದು. ಆ ಎರಡು ಬೇರುಗಳ ನಡುವೆ ಉಳಿ ಹೋಗುವಷ್ಟು ಜಾಗ ಇದೆಯೇ ಎಂದು ಸ್ಕ್ಯಾನಿನಲ್ಲಿ ಮೊದಲೇ ನೋಡಿರಬೇಕು, ಇಲ್ಲದಿದ್ದರೆ ಕ್ಲಿಪ್ಪಿನಿಂದ ಬೇರುಗಳನ್ನು ಸ್ವಲ್ಪ ದೂರ ಮಾಡಿಕೊಂಡು ಮುಂದುವರಿಯುತ್ತಾರೆ. ಒಂದು ಬದಿ ಹೆಚ್ಚು, ಇನ್ನೊಂದು ಕಡಿಮೆ ಸರಿಯುವುದುಂಟು. ಜೋರು ರಕ್ತಸ್ರಾವ ಅಪರೂಪ, ಆದರೆ ಆದಾಗ ನಿಭಾಯಿಸುವ ಆಸ್ಪತ್ರೆಯೇ ಬೇಕು. ಮೂಗಿನ ಹೊಳ್ಳೆಗಳು ತುಸು ಅಗಲವಾಗುತ್ತವೆ. ಮೂಗುತಿಯ ಮೂಗಿಗೆ ಅಷ್ಟೇನೂ ಕಾಣದು, ಆದರೆ ಆಮೇಲೆ ಗೊತ್ತಾಗಿ ಬೇಸರಿಸುವುದಕ್ಕಿಂತ ಈಗಲೇ ಗೊತ್ತಿರಲಿ.

ಗೊರಕೆಯ ಬಗ್ಗೆ. ಬಾಯಿಯ ಛಾವಣಿಯೇ ಮೂಗಿನ ನೆಲ, ಅದು ಅಗಲವಾದಾಗ ಮೂಗಿನಲ್ಲಿ ಗಾಳಿ ಸಲೀಸಾಗುವುದು ಅನೇಕರ ಅನುಭವ. ಆದರೆ ಬಾಯಲ್ಲಿ ಉಸಿರಾಡಲು ಮೂಗಿನ ನಡುಗೋಡೆ ವಾಲಿದ್ದು, ಅಲರ್ಜಿ, ಇನ್ನೇನೋ ಕಾರಣವಿರಬಹುದು. ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ಒಮ್ಮೆ ತೋರಿಸಿ. ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುತ್ತದೆ ಎಂದು ಮನೆಯವರು ಹೇಳಿದರೆ ನಿದ್ರಾ ಪರೀಕ್ಷೆಯೂ ಆಗಲಿ. ಬರೀ ಗೊರಕೆ ನಿಲ್ಲಿಸಲೆಂದು ದವಡೆ ಅಗಲ ಮಾಡಿಸಲು ನಾನು ಹೇಳುವುದಿಲ್ಲ.

ಇನ್ನು, ಏನೂ ಮಾಡಿಸದೆ ಇರುವುದೂ ಒಂದು ದಾರಿ. ಅಗಿಯಲು ತೊಂದರೆಯಿಲ್ಲ, ದವಡೆ ಒಂದು ಬದಿಗೆ ಜಾರುವುದಿಲ್ಲ, ಹಲ್ಲು ಸವೆದಿಲ್ಲ, ಒಸಡು ಚೆನ್ನಾಗಿದೆ ಎಂದಾದರೆ ಹಿಂದಿನ ಅಡ್ಡಕಚ್ಚನ್ನು ಹಾಗೇ ಬಿಟ್ಟು ಎದುರು ಹಲ್ಲುಗಳನ್ನಷ್ಟೇ ನೇರ ಮಾಡಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ ಮಾರಾಯ್ರೆ. ಎರಡನೇ ಡಾಕ್ಟರು ಹೇಳಿದ್ದು ಇಷ್ಟೇ ಆಗಿದ್ದರೆ ಅದರಲ್ಲಿ ತಪ್ಪಿಲ್ಲ. ಆದರೆ ‘ಅಗಲ ಮಾಡಿಕೊಡ್ತೇನೆ’ ಎಂದಿದ್ದರೆ ಎಲ್ಲಿಂದ ಅಗಲ ಎಂದು ಕೇಳಿ. ಮೊದಲನೆಯವರಿಗೆ ಕೇಳಬೇಕಾದ್ದು ಬೇರೆ: ಕ್ಲಿಪ್ ಮುಗಿದ ಮೇಲೆ ದವಡೆ ಹಿಂದೆ ಮುಂದೆ ಮಾಡಲು ಇನ್ನೊಂದು ಆಪರೇಷನ್ ಇದೆಯೇ? ಇದ್ದರೆ, ಕೊರತೆ ತೀರಾ ದೊಡ್ಡದಲ್ಲದ ಪಕ್ಷದಲ್ಲಿ, ಮೇಲ್ದವಡೆಯನ್ನು ತುಂಡುಗಳಾಗಿ ಮಾಡಿ ಅಗಲವನ್ನೂ ಒಂದೇ ಸಲಕ್ಕೆ ಸರಿಪಡಿಸುವ ವಿಧಾನವಿದೆ.

ಖರ್ಚಿನಲ್ಲಿ ಕ್ಲಿಪ್ಪಿನ ಹಣ ಬೇರೆ, ಆಪರೇಷನ್, ಅರಿವಳಿಕೆ, ಆಸ್ಪತ್ರೆಯ ಕೋಣೆ ಬೇರೆ. ಎರಡನ್ನೂ ಬಿಡಿಸಿ ಬರೆಸಿಕೊಳ್ಳಿ. ವಿಮೆ ಇದ್ದರೆ ಇದನ್ನು ಸೌಂದರ್ಯದ ಚಿಕಿತ್ಸೆ ಎಂದು ತಳ್ಳಿಹಾಕುವ ಸಂಭವವಿರುವುದರಿಂದ, ಅಡ್ಡಕಚ್ಚು ಮತ್ತು ಅಳತೆಗಳನ್ನು ನಮೂದಿಸಿದ ಡಾಕ್ಟರ ಪತ್ರ ಇಟ್ಟು ಮುಂಚೆಯೇ ಲಿಖಿತ ಒಪ್ಪಿಗೆ ಪಡೆಯಿರಿ. ಮೂರನೇ ಅಭಿಪ್ರಾಯಕ್ಕೆ ಹೋಗುವುದಾದರೆ ಸಿಬಿಸಿಟಿಯ ಪ್ರಿಂಟ್ ಸಾಲದು, ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಪೂರ್ತಿ ಫೈಲನ್ನೇ ಕೇಳಿ ತೆಗೆದುಕೊಳ್ಳಿ. ಪ್ರಿಂಟಿನಲ್ಲಿ ಇರುವುದು ಸ್ಕ್ಯಾನ್ ಮಾಡಿದವರು ಆರಿಸಿದ ನಾಲ್ಕು ಚಿತ್ರ ಮಾತ್ರ. ಫೈಲಿದ್ದರೆ ಹೊಸ ಡಾಕ್ಟರು ಅಂಗುಳದ ಹಿಂಭಾಗದವರೆಗೆ ತಾವೇ ತಿರುಗಿಸಿ ನೋಡಿ ಬೆಸುಗೆಯ ಹಂತ ಹೇಳಬಲ್ಲರು, ನಿಮಗೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸುವ ಖರ್ಚೂ ಉಳಿಯುತ್ತದೆ.